ಪುಸ್ತಕದಲ್ಲಿ ಇಲ್ಲದ ಚಕ್ರವರ್ತಿಗಳು: 'ಫೌಂಡೇಶನ್' ಓದುವ, ನೋಡುವ ಬಗೆ

ಅಮೆರಿಕದ ಸೈನ್ಸ್ ಫಿಕ್ಷನ್ ಲೇಖಕ ಐಸಾಕ್ ಅಸಿಮೋವ್ ಅವರ 'ಫೌಂಡೇಶನ್' ಪುಸ್ತಕಗಳನ್ನು ಆಧರಿಸಿದ ಸೀರೀಸ್ ಆ್ಯಪಲ್ ಟಿವಿಯಲ್ಲಿ ಶುರುವಾಗಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಮೂರನೇ ಸೀಸನ್ 2025ರ ಜುಲೈನಲ್ಲಿ ಬಂತು. ಅದು ಮುಗಿಯುವ ಹೊತ್ತಿಗೆ ನಾಲ್ಕನೇ ಸೀಸನ್ನಿನ ಘೋಷಣೆಯೂ ಆಗಿತ್ತು. ಹೊಸ ಸೀಸನ್ ಬಂದಾಗಲೆಲ್ಲ ಅದೇ ಹಳೇ ಜಗಳ ಮತ್ತೆ ಶುರು. ಪುಸ್ತಕ ಓದಿದವರು 'ಇದರಲ್ಲಿ ಅಸಿಮೋವ್ ಎಲ್ಲಿದ್ದಾರೆ?' ಎಂದು ಕೇಳುತ್ತಾರೆ. ಸೀರೀಸ್ ನೋಡಿ ಖುಷಿಯಾಗಿ ಪುಸ್ತಕ ಕೈಗೆತ್ತಿಕೊಂಡವರು 'ಬರೀ ಮಾತು, ಏನೂ ನಡೆಯೋದೇ ಇಲ್ಲ' ಎಂದು ಅರ್ಧಕ್ಕೇ ಮುಚ್ಚಿಡುತ್ತಾರೆ.

ಎರಡೂ ದೂರಿನಲ್ಲಿ ಹುರುಳಿದೆ. ಆದರೂ ಎರಡನ್ನೂ ಓದಿ, ನೋಡಿ ಎಂದೇ ನಾನು ಹೇಳುತ್ತೇನೆ. ಪುಸ್ತಕಕ್ಕೆ ಯಾವುದು ಹತ್ತಿರ, ಯಾವುದು ದೂರ ಎಂದು ಅಳೆಯುವಾಗ ನಾವು ಸಾಮಾನ್ಯವಾಗಿ ಹೆಸರುಗಳನ್ನು ನೋಡುತ್ತೇವೆ. ಈ ಪಾತ್ರ ಪುಸ್ತಕದಲ್ಲಿದೆಯಾ, ಈ ಘಟನೆ ಇದೆಯಾ ಅಂತ. ಈ ಸೀರೀಸಿನ ಮಟ್ಟಿಗೆ ಆ ಅಳತೆಗೋಲು ಕೆಲಸಕ್ಕೆ ಬರುವುದಿಲ್ಲ. ಪುಸ್ತಕದ ಹೆಸರು ಹೊತ್ತ ಪಾತ್ರಗಳೇ ಇಲ್ಲಿ ಪುಸ್ತಕದ ವಿಚಾರದಿಂದ ದೂರ ಹೋಗಿವೆ. ಪುಸ್ತಕದಲ್ಲಿ ಸುಳಿವೇ ಇಲ್ಲದ ಒಂದು ಕಲ್ಪನೆ, ಅಂದರೆ ಚಕ್ರವರ್ತಿಯ ಕ್ಲೋನುಗಳ (ತದ್ರೂಪಿಗಳ) ವಂಶ, ಅಸಿಮೋವ್ ಹೇಳಲು ಹೊರಟಿದ್ದಕ್ಕೆ ಎಲ್ಲಕ್ಕಿಂತ ಹತ್ತಿರ ಬಂದಿದೆ. ಇದು ಹೇಗೆ ಅಂತ ನೋಡಲು ಮೊದಲು ಪುಸ್ತಕಕ್ಕೆ ಹೋಗಬೇಕು.

ಕಥೆಯ ಎಳೆ ಸರಳ. ಇಡೀ ಆಕಾಶಗಂಗೆಯನ್ನು ಆಳುವ ಸಾಮ್ರಾಜ್ಯಕ್ಕೆ 12,000 ವರ್ಷದ ಇತಿಹಾಸ. ಮನುಷ್ಯರಿರುವ ಗ್ರಹಗಳು ಸುಮಾರು ಎರಡೂವರೆ ಕೋಟಿ. ರಾಜಧಾನಿ ಟ್ರಾಂಟರ್ ಒಂದು ಗ್ರಹದ ಗಾತ್ರದ ನಗರ, ಜನಸಂಖ್ಯೆ 4,000 ಕೋಟಿ. ಹೊರಗಿನಿಂದ ನೋಡಿದರೆ ಎಲ್ಲ ಭದ್ರ. ಆದರೆ ಹ್ಯಾರಿ ಸೆಲ್ಡನ್ ಎಂಬ ಗಣಿತಜ್ಞ ಲೆಕ್ಕ ಹಾಕಿ, ಮುನ್ನೂರು ವರ್ಷದೊಳಗೆ ಇದು ಕುಸಿಯುತ್ತದೆ ಎನ್ನುತ್ತಾನೆ. ಕುಸಿತ ತಡೆಯಲು ಆಗುವುದಿಲ್ಲ, ಹೊತ್ತು ಮೀರಿದೆ. ಅದರ ನಂತರದ 30,000 ವರ್ಷಗಳ ಅಂಧಕಾರವನ್ನು ಒಂದು ಸಾವಿರ ವರ್ಷಕ್ಕೆ ಇಳಿಸಬಹುದು, ಅಷ್ಟೇ. ಅದಕ್ಕಾಗಿ ಆಕಾಶಗಂಗೆಯ ಅಂಚಿನಲ್ಲಿರುವ, ಲೋಹಗಳೇ ಇಲ್ಲದ ಟರ್ಮಿನಸ್ ಎಂಬ ಬಡ ಗ್ರಹದಲ್ಲಿ ಒಂದಷ್ಟು ವಿದ್ವಾಂಸರನ್ನು ನೆಲೆಗೊಳಿಸುತ್ತಾನೆ. ಅವರೇ ಫೌಂಡೇಶನ್. ಎಲ್ಲ ಜ್ಞಾನವನ್ನೂ ಒಂದು ವಿಶ್ವಕೋಶದಲ್ಲಿ ಕೂಡಿಡುವುದು ಅವರ ಕೆಲಸ. ಕನಿಷ್ಠ ಅವರು ಹಾಗೆ ಅಂದುಕೊಂಡಿರುತ್ತಾರೆ.

ಈ ಕಥೆ ಹುಟ್ಟಿದ್ದು 1941ರ ಆಗಸ್ಟ್ 1ರಂದು, ನ್ಯೂಯಾರ್ಕಿನ ಮೆಟ್ರೋ ರೈಲಿನಲ್ಲಿ. ಅಸಿಮೋವ್‌ಗೆ ಆಗ 21 ವರ್ಷ, ಕೆಮಿಸ್ಟ್ರಿ ವಿದ್ಯಾರ್ಥಿ. 'ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್' ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಪ್‌ಬೆಲ್‌ರನ್ನು ನೋಡಲು ಹೊರಟಿದ್ದರು, ಕೈಯಲ್ಲಿ ಹೊಸ ಕಥೆಯ ಯೋಚನೆ ಒಂದೂ ಇರಲಿಲ್ಲ. ಜೊತೆಗಿದ್ದ ಗಿಲ್ಬರ್ಟ್ ಮತ್ತು ಸಲಿವನ್ನರ ಗೀತನಾಟಕಗಳ ಪುಸ್ತಕವನ್ನು ಸುಮ್ನೆ ತೆರೆದರು. ಒಬ್ಬ ಕಾವಲು ಸೈನಿಕನ ಚಿತ್ರ ಕಂಡಿತು. ಸೈನಿಕನಿಂದ ಸೈನ್ಯಕ್ಕೆ, ಸೈನ್ಯದಿಂದ ಸಾಮ್ರಾಜ್ಯಕ್ಕೆ, ಅಲ್ಲಿಂದ ರೋಮ್‌ಗೆ ಯೋಚನೆ ಓಡಿತು. ರೋಮ್ ಸಾಮ್ರಾಜ್ಯದ ಪತನದ ಬಗ್ಗೆ ಗಿಬ್ಬನ್ ಬರೆದ ಇತಿಹಾಸವನ್ನು ಅವರು ಅಷ್ಟರಲ್ಲಿ ಎರಡು ಸಲ ಓದಿದ್ದರು. ಅದೇ ಪತನವನ್ನು ಆಕಾಶಗಂಗೆಯ ಮಟ್ಟಕ್ಕೆ ಎತ್ತಿದರೆ? ಕ್ಯಾಂಪ್‌ಬೆಲ್ ಕೇಳಿ ಕುಣಿದಾಡಿಬಿಟ್ಟರು. ಒಂದು ಕಥೆ ಸಾಲದು, ಇದು ದೊಡ್ಡ ಸರಣಿಯೇ ಆಗಬೇಕು ಎಂದರು.

ಮೊದಲ ಕಥೆ 1942ರ ಮೇ ಸಂಚಿಕೆಯಲ್ಲಿ ಬಂತು, ಕೊನೆಯದು 1950ರ ಜನವರಿಯಲ್ಲಿ ಮುಗಿಯಿತು. ಒಟ್ಟು ಎಂಟು ಕಥೆಗಳು. ಇವನ್ನು ನೋಮ್ ಪ್ರೆಸ್ ಎಂಬ ಪುಟ್ಟ ಪ್ರಕಾಶನ ಮೂರು ಪುಸ್ತಕಗಳಾಗಿ ತಂದಿತು: 1951ರಲ್ಲಿ 'ಫೌಂಡೇಶನ್', 1952ರಲ್ಲಿ 'ಫೌಂಡೇಶನ್ ಆ್ಯಂಡ್ ಎಂಪೈರ್', 1953ರಲ್ಲಿ 'ಸೆಕೆಂಡ್ ಫೌಂಡೇಶನ್'. ಮೊದಲ ಪುಸ್ತಕದ ಆರಂಭದ ಭಾಗವನ್ನು ಅಸಿಮೋವ್ ಪುಸ್ತಕಕ್ಕೆಂದೇ ಹೊಸದಾಗಿ ಬರೆದರು. ಹಾಗಾಗಿ ಇದು ಕಾದಂಬರಿಯಂತೆ ಕಂಡರೂ ಬಿಡಿ ಕಥೆಗಳ ಗೊಂಚಲು. ಒಂದು ಕಥೆಯ ನಾಯಕ ಮುಂದಿನ ಕಥೆಯಲ್ಲಿ ಬರೀ ಹೆಸರಾಗಿರುತ್ತಾನೆ. ಅದರ ಮುಂದಿನದರಲ್ಲಿ ಜನ ಆಣೆ ಇಡುವ ದೇವರಂಥವನಾಗಿರುತ್ತಾನೆ. ಇದು ಗೊತ್ತಿಲ್ಲದೆ ಓದಲು ಕೂತರೆ, ಇಷ್ಟವಾದ ಪಾತ್ರ ಕೈತಪ್ಪಿತು ಅಂತ ಬೇಜಾರಾಗುವುದು ಸಹಜ.

ಇನ್ನು ಸೆಲ್ಡನ್ನನ ಗಣಿತ. ಅದಕ್ಕೆ ಸೈಕೋಹಿಸ್ಟರಿ ಎಂದು ಹೆಸರು. ಕೆಮಿಸ್ಟ್ರಿ ಓದುತ್ತಿದ್ದ ಹುಡುಗನ ತಲೆಯಲ್ಲಿ ಹುಟ್ಟಿದ ಶಾಸ್ತ್ರ ಇದು ಅನ್ನುವುದು ತಕ್ಷಣ ಕಾಣುತ್ತದೆ. ಅನಿಲದ ಒಂದು ಅಣು ಮುಂದಿನ ಕ್ಷಣ ಎತ್ತ ಹೋಗುತ್ತದೆ ಅಂತ ಯಾರೂ ಹೇಳಲಾರರು. ಆದರೆ ಕೋಟಿ ಕೋಟಿ ಅಣುಗಳು ಸೇರಿದಾಗ ಒತ್ತಡ ಎಷ್ಟು, ಉಷ್ಣತೆ ಎಷ್ಟು ಎಂದು ಕರಾರುವಾಕ್ಕಾಗಿ ಹೇಳಬಹುದು. ಮನುಷ್ಯರೂ ಹಾಗೇ ಎನ್ನುತ್ತದೆ ಈ ಕಥೆ. ಅದಕ್ಕೆ ಎರಡು ಷರತ್ತು. ಜನಸಂಖ್ಯೆ ಅಗಾಧವಾಗಿರಬೇಕು. ಮತ್ತು ಆ ಜನಕ್ಕೆ ತಮ್ಮ ಭವಿಷ್ಯದ ಲೆಕ್ಕ ಗೊತ್ತಿರಬಾರದು. ಗೊತ್ತಾದರೆ ಅವರು ಬೇರೆ ಥರ ನಡೆದುಕೊಳ್ಳುತ್ತಾರೆ, ಲೆಕ್ಕ ಕೆಡುತ್ತದೆ. ಅದಕ್ಕೇ ಸೆಲ್ಡನ್ ಟರ್ಮಿನಸ್‌ಗೆ ಎಲ್ಲ ಶಾಸ್ತ್ರದವರನ್ನೂ ಕಳಿಸುತ್ತಾನೆ, ತನ್ನ ಶಾಸ್ತ್ರ ಬಲ್ಲವರನ್ನು ಮಾತ್ರ ಕಳಿಸುವುದಿಲ್ಲ. ಐವತ್ತು ವರ್ಷದ ನಂತರ ಮೊದಲೇ ರೆಕಾರ್ಡ್ ಮಾಡಿಟ್ಟ ಅವನ ರೂಪ ಒಂದು ಕೋಣೆಯಲ್ಲಿ ಕಾಣಿಸಿಕೊಂಡು ಮಾತಾಡುತ್ತದೆ. ಏನು ಹೇಳುತ್ತದೆ ಎಂದು ಇಲ್ಲಿ ಹೇಳಲ್ಲ. ಮೊದಲ ಪುಸ್ತಕದ ಮಜಾ ಇರುವುದೇ ಅಲ್ಲಿ.

ಈ ಎರಡನೇ ಷರತ್ತಿನಿಂದಾಗಿಯೇ ಸರಣಿ ಇವತ್ತಿಗೂ ಹಳತಾಗಿಲ್ಲ ಎಂದು ನನಗನ್ನಿಸುತ್ತದೆ. ಒಂದು ಬ್ಯಾಂಕ್ ಮುಳುಗುತ್ತದೆ ಎಂಬ ಮಾತು ಹರಡಿದರೆ ಸಾಕು. ಜನ ಹಣ ತೆಗೆಯಲು ಓಡುತ್ತಾರೆ, ಬ್ಯಾಂಕ್ ನಿಜಕ್ಕೂ ಮುಳುಗುತ್ತದೆ. ಚುನಾವಣಾ ಸಮೀಕ್ಷೆ, ಷೇರು ಮಾರುಕಟ್ಟೆ ಎಲ್ಲದರಲ್ಲೂ ಭವಿಷ್ಯ ನುಡಿಯುವವರಿಗೆ ಎದುರಾಗುವ ಗಂಟು ಇದೇ. ಹೇಳಿದ ಮಾತು ತಾನೇ ಒಂದು ಕಾರಣವಾಗಿಬಿಡುತ್ತದೆ. ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್ಮನ್ ತಾವು ಅರ್ಥಶಾಸ್ತ್ರಕ್ಕೆ ಬರಲು ಈ ಕಥೆಗಳೇ ಪ್ರೇರಣೆ ಎಂದು ಹೇಳಿಕೊಂಡಿದ್ದಾರೆ. ಸೈಕೋಹಿಸ್ಟರಿಗೆ ಹತ್ತಿರದ ಶಾಸ್ತ್ರ ಅವರಿಗೆ ಸಿಕ್ಕಿದ್ದು ಅದೊಂದೇ. ಇನ್ನೊಂದು ಮಾತು. ನಮ್ಮ ಕಾಲದ ಅಲ್ಗಾರಿದಮ್‌ಗಳನ್ನು ಸೈಕೋಹಿಸ್ಟರಿಗೆ ಹೋಲಿಸುವುದು ಈಗ ಫ್ಯಾಷನ್. ಆದರೆ ಅವು ಮಾಡುವ ಕೆಲಸ ತದ್ವಿರುದ್ಧ. ನೀವು ಮುಂದೆ ಯಾವ ವಿಡಿಯೊ ಒತ್ತುತ್ತೀರಿ ಎಂದು ಅವು ಲೆಕ್ಕ ಹಾಕುತ್ತವೆ. ಒಂಟಿ ಅಣುವಿನ ಬೆನ್ನು ಹತ್ತಿದ ಗಣಿತ ಅದು. ಸೆಲ್ಡನ್ ತನ್ನಿಂದಾಗದು ಎಂದು ಕೈಬಿಟ್ಟಿದ್ದೇ ಅದನ್ನು.

ಪುಸ್ತಕದ ರುಚಿ ಎಲ್ಲಿದೆ ಎಂದು ತೋರಿಸಲು ಒಂದು ಪಾತ್ರ ಸಾಕು. ಸಾಮ್ರಾಜ್ಯದ ರಾಯಭಾರಿ ಲಾರ್ಡ್ ಡೋರ್ವಿನ್ ಟರ್ಮಿನಸ್‌ಗೆ ಬರುತ್ತಾನೆ. ನಯವಾದ ಮಾತು, ತೊದಲುವ ಉಚ್ಚಾರ, ಕೈಯಲ್ಲಿ ನಶ್ಯದ ಡಬ್ಬಿ. ತಾನೊಬ್ಬ ಪುರಾತತ್ವಜ್ಞ ಎಂದುಕೊಂಡಿದ್ದಾನೆ. ಮನುಷ್ಯರು ಮೊದಲು ಯಾವ ಗ್ರಹದಲ್ಲಿ ಹುಟ್ಟಿದರು ಎಂಬುದು ಅವನ ಸಂಶೋಧನೆ. ಹೇಗೆ ಸಂಶೋಧಿಸುತ್ತಾನೆ? ಹಳೇ ಪಂಡಿತರು ಬರೆದಿದ್ದನ್ನು ಓದುತ್ತಾನೆ, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನ ಜೊತೆ ತೂಗಿ ನೋಡುತ್ತಾನೆ. ಆ ಗ್ರಹಗಳಿಗೇ ಹೋಗಿ ನೀವೇ ಅಗೆದು ನೋಡಬಹುದಲ್ಲ ಎಂದು ಟರ್ಮಿನಸ್ಸಿನ ಮೇಯರ್ ಸಾಲ್ವರ್ ಹಾರ್ಡಿನ್ ಕೇಳಿದರೆ, ಡೋರ್ವಿನ್‌ಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಅದನ್ನೆಲ್ಲ ಎಂಟುನೂರು ವರ್ಷದ ಹಿಂದೆಯೇ ಒಬ್ಬರು ನೋಡಿ ಬರೆದಿಟ್ಟಿದ್ದಾರಲ್ಲ, ಮತ್ತೆ ಯಾಕೆ ಹೋಗಬೇಕು ಎನ್ನುತ್ತಾನೆ.

ಇನ್ನೊಂದು ವಿವರ ಇದೇ ಭಾಗದಲ್ಲಿದೆ. ಒಂದು ಗ್ರಹದಲ್ಲಿ ಅಣುಸ್ಥಾವರ ಸ್ಫೋಟಿಸುತ್ತದೆ. ದುರಸ್ತಿ ಬಲ್ಲ ತಂತ್ರಜ್ಞರು ಉಳಿದಿಲ್ಲ. ಸಾಮ್ರಾಜ್ಯ ಏನು ಮಾಡುತ್ತದೆ? ಹೊಸ ತಂತ್ರಜ್ಞರನ್ನು ತಯಾರು ಮಾಡುವ ಬದಲು ಅಣುಶಕ್ತಿಯ ಬಳಕೆಗೇ ಕಡಿವಾಣ ಹಾಕಲು ಯೋಚಿಸುತ್ತದೆ. ಇತ್ತ ಡೋರ್ವಿನ್ ಐದು ದಿನ ಮಾತಾಡಿ ಹೋದ ಮೇಲೆ ಅವನ ಮಾತನ್ನೆಲ್ಲ ತರ್ಕಶಾಸ್ತ್ರದ ಚಿಹ್ನೆಗಳಿಗೆ ಇಳಿಸಿ ಜರಡಿ ಹಿಡಿಯುತ್ತಾರೆ. ಒಂದನ್ನೊಂದು ಹೊಡೆದುಹಾಕಿ ಕೊನೆಗೆ ಉಳಿಯುವುದು ಸೊನ್ನೆ. ಐದು ದಿನದಲ್ಲಿ ಅವನು ಏನನ್ನೂ ಹೇಳಿಯೇ ಇರುವುದಿಲ್ಲ! ರಾಜತಾಂತ್ರಿಕ ಭಾಷೆಯ ಮೇಲೆ ಇದಕ್ಕಿಂತ ಚಂದದ ಗೇಲಿ ನಾನು ಸೈನ್ಸ್ ಫಿಕ್ಷನ್‌ನಲ್ಲಿ ಓದಿಲ್ಲ. ಸಾಮ್ರಾಜ್ಯದ ಪತನವನ್ನು ಅಸಿಮೋವ್ ಹೀಗೆ ತೋರಿಸುತ್ತಾರೆ. ಹೊತ್ತಿ ಉರಿಯುವ ನಗರಗಳಿಲ್ಲ. ಹಳೆಯದನ್ನೇ ಮತ್ತೆ ಮತ್ತೆ ನಕಲು ಮಾಡುವ, ಹೊಸದಾಗಿ ನೋಡುವ ಆಸೆಯೇ ಸತ್ತುಹೋದ ಜನ ಇದ್ದಾರೆ. ಈ 'ನಕಲು' ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದೇ ಹಾರ್ಡಿನ್ ಮುಂದಿನ ಕಥೆಯಲ್ಲಿ ಯುದ್ಧವನ್ನು ಎದುರಿಸುವ ಬಗೆ ನೋಡಿ. ಪಕ್ಕದ ಅನಾಕ್ರಿಯಾನ್ ರಾಜ್ಯಕ್ಕೆ ಟರ್ಮಿನಸ್ ಮೇಲೆ ಕಣ್ಣು. ಫೌಂಡೇಶನ್ ಬಳಿ ಸೈನ್ಯವಿಲ್ಲ. ಆದರೆ ಸುತ್ತಲಿನ ರಾಜ್ಯಗಳೆಲ್ಲ ಅಣುಶಕ್ತಿಗೆ ಅವರನ್ನೇ ನಂಬಿವೆ. ಆ ತಂತ್ರಜ್ಞಾನವನ್ನು ಹಾರ್ಡಿನ್ ಒಂದು ಮತವಾಗಿ ಮಾಡಿ ಕೊಟ್ಟಿದ್ದಾನೆ. ಸ್ಥಾವರ ನಡೆಸುವವರೆಲ್ಲ ಪುರೋಹಿತರು. ಅವರೂ ಅದನ್ನು ಮಂತ್ರವೆಂದೇ ನಂಬಿದ್ದಾರೆ. ಅನಾಕ್ರಿಯಾನಿನ ರಾಜಪ್ರತಿನಿಧಿ ವೀನಿಸ್ ಯುದ್ಧಕ್ಕೆ ಹಡಗು ಕಳಿಸುತ್ತಾನೆ. ಅದು ಹಳೇ ಸಾಮ್ರಾಜ್ಯದ ಹಡಗು, ರಿಪೇರಿ ಮಾಡಿಕೊಟ್ಟವರೇ ಫೌಂಡೇಶನ್‌ನವರು. ದಾರಿಯಲ್ಲಿ ಹಡಗಿನ ಪುರೋಹಿತ ಶಾಪ ಹಾಕುತ್ತಾನೆ, ಹಡಗಿನ ದೀಪಗಳು ಆರುತ್ತವೆ. ಅತ್ತ ಅನಾಕ್ರಿಯಾನಿನಲ್ಲಿ ಮಧ್ಯರಾತ್ರಿ ಹೊಡೆಯುತ್ತಿದ್ದಂತೆ ಅರಮನೆ ಕತ್ತಲಾಗುತ್ತದೆ. ಹಾರ್ಡಿನ್ ವೈರಿಯ ಎದುರು ಕುರ್ಚಿಯಲ್ಲಿ ಕೂತು ಕಥೆ ಹೇಳುತ್ತಿರುತ್ತಾನೆ, ಅಷ್ಟೇ. ಒಂದು ಗುಂಡೂ ಹಾರಿಸದೆ ಯುದ್ಧ ಗೆಲ್ಲುತ್ತಾನೆ. ಹಿಂಸೆ ಅಂದರೆ ಕೈಲಾಗದವರ ಕೊನೆಯ ಆಸರೆ ಎಂಬ ಅವನ ಮಾತು ಸರಣಿಯ ಹೊರಗೂ ಪ್ರಸಿದ್ಧ.

ಹಾಗೆಂದು ಇದು ಜಾಣ ನಾಯಕರ ಕಥೆಯೂ ಅಲ್ಲ. ಎರಡನೇ ಪುಸ್ತಕದ ಮೊದಲರ್ಧದಲ್ಲಿ ಬೆಲ್ ರಿಯೋಸ್ ಎಂಬ ಸಮರ್ಥ ಸೇನಾಪತಿ ಫೌಂಡೇಶನ್ ಮೇಲೆ ಬೀಳುತ್ತಾನೆ. ರೋಮಿನ ಸೇನಾಪತಿ ಬೆಲಿಸಾರಿಯಸ್‌ನ ನೆರಳು ಅವನ ಮೇಲಿದೆ. ಅವನನ್ನು ತಡೆಯಲು ಇಬ್ಬರು ಜೀವ ಪಣಕ್ಕಿಟ್ಟು ಟ್ರಾಂಟರ್‌ವರೆಗೆ ಓಡುತ್ತಾರೆ. ನಾವು ಉಸಿರು ಬಿಗಿಹಿಡಿದು ಓದುತ್ತೇವೆ. ಕೊನೆಗೆ ಗೊತ್ತಾಗುವುದೇನು? ಅವರ ಓಡಾಟದಿಂದ ಏನೂ ಆಗಲಿಲ್ಲ. ದುರ್ಬಲ ಚಕ್ರವರ್ತಿಯ ಕೆಳಗೆ ಬಲಶಾಲಿ ಸೇನಾಪತಿ ಹುಟ್ಟಿದರೆ ಅವನ ಕಣ್ಣು ಸಿಂಹಾಸನದ ಮೇಲೇ ಬೀಳುತ್ತದೆ. ಚಕ್ರವರ್ತಿ ಬಲಶಾಲಿಯಾದರೆ ಅಂಥ ಸೇನಾಪತಿಯನ್ನು ಉಳಿಯಲು ಬಿಡುವುದಿಲ್ಲ. ಯಾವ ದಾರಿಯಲ್ಲಿ ಹೋದರೂ ಫಲ ಒಂದೇ. ಸಾಹಸ ಕಥೆಯ ಎಲ್ಲ ಸರಂಜಾಮನ್ನೂ ಹೂಡಿ, ಸಾಹಸವೇ ಲೆಕ್ಕಕ್ಕಿಲ್ಲ ಎಂದು ಹೇಳುವ ಧೈರ್ಯ ಇದು. ಕೆಲವರಿಗೆ ಇದು ಮೋಸ ಎನ್ನಿಸುತ್ತದೆ. ನನಗೆ ಇಡೀ ಸರಣಿಯಲ್ಲಿ ತುಂಬ ಪ್ರಾಮಾಣಿಕವಾದ ಭಾಗ ಇದು.

ಅದೇ ಪುಸ್ತಕದ ಉತ್ತರಾರ್ಧ ಸರಣಿಯ ಶಿಖರ. ಎಲ್ಲವೂ ಸೆಲ್ಡನ್ ಹೇಳಿದಂತೆಯೇ ನಡೆದರೆ ಓದುಗ ಬೇಸತ್ತಾನು ಎಂದು ಕ್ಯಾಂಪ್‌ಬೆಲ್‌ಗೆ ಅನ್ನಿಸಿತು. ಯೋಜನೆ ಮುರಿಯಬೇಕು ಎಂದು ಅವರು ಹಟ ಹಿಡಿದರು. ಅಸಿಮೋವ್‌ಗೆ ಇಷ್ಟವಿರಲಿಲ್ಲ, ಆದರೂ ಬರೆದರು. ಹುಟ್ಟಿದ್ದು ಮ್ಯೂಲ್. ಜನರ ಭಾವನೆಗಳನ್ನೇ ತಿರುಗಿಸಬಲ್ಲ ಒಬ್ಬ ವಿಚಿತ್ರ ಮನುಷ್ಯ. ಅಣುಗಳ ಗುಂಪಿನ ಲೆಕ್ಕದಲ್ಲಿ ಎಲ್ಲೂ ಸಿಗದ ಒಂಟಿ ಅಣು. ಇದೇ ಕಥೆಯಲ್ಲಿ ಬೇಟಾ ಡರೆಲ್ ಬರುತ್ತಾಳೆ, ಸರಣಿಯ ಮೊದಲ ಗಟ್ಟಿ ಹೆಣ್ಣುಪಾತ್ರ. ಅಲ್ಲಿಯವರೆಗಿನ ಕಥೆಗಳಲ್ಲಿ ಹೆಂಗಸರು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇದು ಆ ಕಾಲದ ಪತ್ರಿಕೆಗಳ ದೋಷ ಹೌದು, ಅಸಿಮೋವ್‌ರ ದೋಷವೂ ಹೌದು. ಇವತ್ತು ಓದುವವರಿಗೆ ಕಣ್ಣಿಗೆ ಹೊಡೆಯದೆ ಇರದು. ಮೂರನೇ ಪುಸ್ತಕದ ಹದಿನಾಲ್ಕು ವರ್ಷದ ಆರ್ಕೇಡಿ ಬರುವ ಹೊತ್ತಿಗೆ ಅವರ ಕೈ ಪಳಗಿದೆ.

ಮೂರು ದಶಕದ ನಂತರ ಪ್ರಕಾಶಕರು ದುಂಬಾಲುಬಿದ್ದು ಹೊಸ ಕಾದಂಬರಿ ಕೇಳಿದಾಗ ಅಸಿಮೋವ್ ತಮ್ಮ ಮೂರು ಪುಸ್ತಕಗಳನ್ನು ಮತ್ತೆ ಓದಲು ಕೂತರು. ಏನಾದರೂ ನಡೆಯುತ್ತದೆ ಎಂದು ಕಾಯುತ್ತಲೇ ಇದ್ದೆ, ಏನೂ ನಡೆಯಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. ಮೂರೂ ಸಂಪುಟಗಳ ತುಂಬ ಬರೀ ಯೋಚನೆ ಮತ್ತು ಮಾತು. ಆದರೂ ಪುಟ ತಿರುಗಿಸುತ್ತಲೇ ಹೋದೆ ಎಂದೂ ಸೇರಿಸಿದ್ದಾರೆ. ಇದಕ್ಕಿಂತ ಒಳ್ಳೆ ವಿಮರ್ಶೆ ಬೇರೆಯವರು ಬರೆದಿಲ್ಲ. 1966ರಲ್ಲಿ ಸಾರ್ವಕಾಲಿಕ ಶ್ರೇಷ್ಠ ಸರಣಿಗೆ ಹ್ಯೂಗೊ ಪ್ರಶಸ್ತಿ ಕೊಟ್ಟಾಗ 'ಲಾರ್ಡ್ ಆಫ್ ದ ರಿಂಗ್ಸ್' ಅನ್ನೂ ಹಿಂದಿಕ್ಕಿ ಗೆದ್ದಿದ್ದು ಈ ಮಾತಿನ ಮಂಟಪವೇ. 2018ರಲ್ಲಿ ಇಲಾನ್ ಮಸ್ಕ್‌ರ ಫಾಲ್ಕನ್ ಹೆವಿ ರಾಕೆಟ್ ಬಾಹ್ಯಾಕಾಶಕ್ಕೆ ಹೊತ್ತೊಯ್ದ ಟೆಸ್ಲಾ ಕಾರಿನೊಳಗೆ ಒಂದು ಸ್ಫಟಿಕ ತಟ್ಟೆಯಲ್ಲಿ ಕೆತ್ತಿ ಕಳಿಸಿದ್ದೂ ಈ ಮೂರು ಪುಸ್ತಕಗಳನ್ನೇ. ಒಬ್ಬ ವ್ಯಕ್ತಿಯಿಂದ ಚರಿತ್ರೆ ಬದಲಾಗದು ಎನ್ನುವ ಪುಸ್ತಕದ ಮೇಲೆ ಒಂಟಿ ಸಾಹಸಿಗಳಿಗೆ ಇಷ್ಟು ಪ್ರೀತಿ ಯಾಕೋ!

ಹೀಗೆ ಮುಖಗಳೂ ಇಲ್ಲದ, ಘಟನೆಗಳೂ ಕಣ್ಣೆದುರು ನಡೆಯದ ಕಥೆಯನ್ನು ತೆರೆಗೆ ತರುವುದು ಹೇಗೆ? ರೋಲ್ಯಾಂಡ್ ಎಮರಿಕ್ ಸಿನಿಮಾ ಮಾಡಲು ಹೊರಟಿದ್ದರು, ಆಗಲಿಲ್ಲ. ನಂತರ ಎಚ್‌ಬಿಒಗಾಗಿ ಜೊನಾಥನ್ ನೋಲನ್ ಕೈಹಾಕಿದರು, ಅದೂ ಆಗಲಿಲ್ಲ. ನಿಜಕ್ಕೂ ಆಗಿದ್ದು ಒಂದು ಹಳೇ ಪ್ರಯತ್ನ. 1973ರಲ್ಲಿ ಬಿಬಿಸಿ ರೇಡಿಯೊ ಇದನ್ನು ಎಂಟು ಕಂತಿನ ನಾಟಕವಾಗಿ ಪ್ರಸಾರ ಮಾಡಿತು. ಪ್ಯಾಟ್ರಿಕ್ ಟಲ್ ಮತ್ತು ಮೈಕ್ ಸ್ಟಾಟ್ ಅದನ್ನು ಬರೆದಿದ್ದರು. ಎಲೆಕ್ಟ್ರಾನಿಕ್ ಸದ್ದುಗಳು ಈಗ ಹಳಸಲು ಎನ್ನಿಸುತ್ತವೆ, ಕೆಲವು ಕಡೆ ಕಿವಿ ಕೊರೆಯುತ್ತವೆ ಕೂಡ. ಆದರೆ ಕಥೆಯಲ್ಲಿ ಇರುವುದೇ ಮಾತಾದಾಗ ಅದಕ್ಕೆ ರೇಡಿಯೊಗಿಂತ ಒಳ್ಳೆ ಮನೆ ಬೇಕಾ? ಅಸಿಮೋವ್‌ರ ಸಾಲುಗಳು ಹೆಚ್ಚುಕಡಿಮೆ ಹಾಗೇ ಉಳಿದ ರೂಪಾಂತರ ಇದು. ಪುಸ್ತಕ ಓದಿದವರು ಹುಡುಕಿ ಕೇಳಬೇಕು.

ಆ್ಯಪಲ್ ಟಿವಿಯ ಸೀರೀಸನ್ನು ಡೇವಿಡ್ ಗೋಯರ್ ಮತ್ತು ಜಾಶ್ ಫ್ರೀಡ್‌ಮನ್ ಕಟ್ಟಿದರು. ಅಸಿಮೋವ್‌ರ ಮಗಳು ರಾಬಿನ್ ಕೂಡ ನಿರ್ಮಾಪಕರಲ್ಲಿ ಒಬ್ಬರು. ಶತಮಾನಗಳು ಉರುಳುವ ಕಥೆಯಲ್ಲಿ ನೋಡುಗರಿಗೆ ಪರಿಚಿತ ಮುಖಗಳು ಬೇಕಲ್ಲ, ಅದಕ್ಕೆ ಎರಡು ದಾರಿ ಹಿಡಿದರು. ಟರ್ಮಿನಸ್ ಕಡೆಯ ಕಥೆಯಲ್ಲಿ ಕೆಲವರನ್ನು ದೀರ್ಘ ನಿದ್ದೆಗೆ ಹಾಕಿ ಕಾಲ ದಾಟಿಸಿದರು. ಅದು ಸುಲಭದ ದಾರಿ. ಟ್ರಾಂಟರ್ ಕಡೆ ಹಿಡಿದಿದ್ದು ಬೇರೆಯೇ ದಾರಿ. ಮೊದಲನೇ ಕ್ಲಿಯೋನ್ ಎಂಬ ಚಕ್ರವರ್ತಿ ತನ್ನನ್ನೇ ಕ್ಲೋನ್ ಮಾಡಿಸಿದ್ದಾನೆ. ಯಾವ ಕಾಲದಲ್ಲೂ ಸಿಂಹಾಸನದ ಮೇಲೆ ಅವನೇ, ಮೂರು ವಯಸ್ಸಿನಲ್ಲಿ. ಕಿರಿಯವನು ಬ್ರದರ್ ಡಾನ್, ನಡುವಯಸ್ಸಿನ ಬ್ರದರ್ ಡೇ, ಮುದಿಯಾದವನು ಬ್ರದರ್ ಡಸ್ಕ್. ಒಬ್ಬ ಹೋದಂತೆ ಇನ್ನೊಬ್ಬ ಮೇಲಿನ ಮೆಟ್ಟಿಲಿಗೆ ಏರುತ್ತಾನೆ, ಕೆಳಗೆ ಹೊಸ ಕೂಸು ಬರುತ್ತದೆ.

ಲಾರ್ಡ್ ಡೋರ್ವಿನ್ ನೆನಪಾದನಾ? ಹಳೇ ಪುಸ್ತಕವನ್ನೇ ನಕಲು ಮಾಡುವ ಪಂಡಿತ ಅವನು. ಹಳೇ ಚಕ್ರವರ್ತಿಯನ್ನೇ ನಕಲು ಮಾಡುವ ಅರಮನೆ ಇದು. ಅಸಿಮೋವ್ ಮಾತಿನಲ್ಲಿ ಹೇಳಿದ್ದನ್ನು ಸೀರೀಸ್ ಮಾಂಸ ಮೂಳೆಯಲ್ಲಿ ತೋರಿಸುತ್ತದೆ. ಕಣ್ಣಿಗೆ ಕಾಣುವಂತೆ, ನೋಡಿದ ಕೂಡಲೇ ತಿಳಿಯುವಂತೆ. ಮೊದಲ ಸೀಸನ್ನಿನಲ್ಲಿ ಒಬ್ಬ ಡಾನ್‌ಗೆ ಬಣ್ಣಗುರುಡು. ಉಳಿದವರಿಗೆ ಕಾಣುವ ಬಣ್ಣ ಅವನಿಗೆ ಕಾಣುವುದಿಲ್ಲ. ಅಷ್ಟೇ ಅವನ ತಪ್ಪು. ಆದರೆ ವ್ಯತ್ಯಾಸವೇ ಅಪರಾಧವಾದ ಮನೆಯಲ್ಲಿ ಅದು ಸಾವಿನ ವಿಷಯ. ಅವನು ಅದನ್ನು ಮುಚ್ಚಿಡಲು ಪಡುವ ಪಾಡು ಇಡೀ ಸೀಸನ್ನಿನ ಒಳ್ಳೆಯ ಎಳೆ.

ಲೀ ಪೇಸ್ ಮಾಡಿದ ಬ್ರದರ್ ಡೇ ಪಾತ್ರದ ಒಂದು ಪ್ರಸಂಗ ಹೇಳಲೇಬೇಕು. ಕ್ಲೋನ್‌ಗಳಿಗೆ ಆತ್ಮವೇ ಇಲ್ಲ ಎಂದು ಒಂದು ಮತದ ಗುರು ಸಾರುತ್ತಾಳೆ. ಕೋಟ್ಯಂತರ ಭಕ್ತರಿರುವ ಮತ. ಡೇ ಅದಕ್ಕೆ ಉತ್ತರವಾಗಿ ಬಿಸಿಲು ಸುಡುವ ಮರುಭೂಮಿಯಲ್ಲಿ ಆ ಮತದ ಕಠಿಣ ಯಾತ್ರೆಗೆ ಇಳಿಯುತ್ತಾನೆ. ರಕ್ಷಾಕವಚ ತೆಗೆದಿಟ್ಟು, ಬರಿಗಾಲಲ್ಲಿ. ಸಾಯುವಷ್ಟು ಬಳಲಿ ಗುಹೆ ಮುಟ್ಟುತ್ತಾನೆ. ಅಲ್ಲಿ ಯಾತ್ರಿಕರಿಗೆ ದರ್ಶನವಾಗುತ್ತದೆ ಎಂಬ ನಂಬಿಕೆ. ತನಗೂ ಆಯಿತು, ಹೂವೊಂದು ಕಂಡಿತು ಎಂದು ಹೊರಬಂದು ಹೇಳುತ್ತಾನೆ, ಜನ ನಂಬುತ್ತಾರೆ, ಗೆಲ್ಲುತ್ತಾನೆ. ಆಮೇಲೆ ನಮಗೆ ತಿಳಿಯುತ್ತದೆ, ಅವನಿಗೆ ಏನೂ ಕಂಡಿರಲಿಲ್ಲ. ರಾಜಕೀಯವಾಗಿ ಗೆದ್ದ ಗಳಿಗೆಯಲ್ಲೇ ತಾನು ಖಾಲಿ ಎಂದು ಅವನಿಗೆ ಗೊತ್ತಾಗಿರುತ್ತದೆ. ಈ ಪ್ರಸಂಗ ಪುಸ್ತಕದ ಯಾವ ಪುಟದಲ್ಲೂ ಇಲ್ಲ. ಆದರೆ ಹೊರಗೆ ಭದ್ರ, ಒಳಗೆ ಟೊಳ್ಳು ಎಂಬ ಸೆಲ್ಡನ್ನನ ರೋಗನಿರ್ಣಯಕ್ಕೆ ಇದಕ್ಕಿಂತ ಸರಿಯಾದ ಚಿತ್ರ ಯಾರು ಕೊಟ್ಟಾರು?

ಈಗ ಟರ್ಮಿನಸ್ ಕಡೆ ತಿರುಗಿ. ಸಾಲ್ವರ್ ಹಾರ್ಡಿನ್ ಇಲ್ಲಿ ಯುವತಿ. ಪುಸ್ತಕದಲ್ಲಿ ಸೆಲ್ಡನ್ನನ ಜೊತೆ ಸೇರುವ ತರುಣ ಗಣಿತಜ್ಞ ಗಾಲ್ ಡೋರ್ನಿಕ್ ಕೂಡ. ಇದರ ಬಗ್ಗೆ ನನ್ನ ತಕರಾರು ಒಂದಿಷ್ಟೂ ಇಲ್ಲ. ಹೆಂಗಸರೇ ಇಲ್ಲದ ಕಥೆಗೆ ಈ ಬದಲಾವಣೆ ಬೇಕೇ ಇತ್ತು. ತಕರಾರು ಬೇರೆಯದು. ಪುಸ್ತಕದ ಹಾರ್ಡಿನ್ ಕುರ್ಚಿಯಲ್ಲಿ ಕೂತು ಯುದ್ಧ ಗೆದ್ದವನು. ಸೀರೀಸಿನ ಹಾರ್ಡಿನ್ ಬಂದೂಕು ಹಿಡಿದು ಗಡಿ ಕಾಯುತ್ತಾಳೆ. ಬೇರೆಯವರೆಲ್ಲ ಎಚ್ಚರ ತಪ್ಪಿ ಬೀಳುವ ಜಾಗಕ್ಕೆ ಅವಳೊಬ್ಬಳೇ ಕಾಲಿಡಬಲ್ಲಳು. ಗಾಲ್‌ಗೆ ಮುಂದಾಗುವುದು ಮೊದಲೇ ಹೊಳೆಯುತ್ತದೆ. ಅಂದರೆ ಇಬ್ಬರೂ ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದವರು. ಗುಂಪಿನ ಗಣಿತದ ಕಥೆಗೆ 'ಇವಳೊಬ್ಬಳೇ ಕಾಪಾಡಬಲ್ಲಳು' ಎಂಬ ಹಳೇ ಜಾಯಮಾನವನ್ನು ಕಸಿ ಮಾಡಿದ್ದಾರೆ. ಪುರೋಹಿತನ ಶಾಪದಿಂದ ಹಡಗು ನಿಂತುಹೋಗುವ ಆ ಅದ್ಭುತ ತಂತ್ರದ ಜಾಗದಲ್ಲಿ ಮೊದಲ ಸೀಸನ್ ಕೊಡುವುದು ಗುಂಡಿನ ಕಾಳಗ. ಅನಾಕ್ರಿಯಾನಿನ ಬೇಟೆಗಾತಿ ಫಾರಾಳಾಗಿ ಕುಬ್ರಾ ಸೇಠ್ ಚೆನ್ನಾಗಿ ಮಾಡಿದ್ದಾರೆ, ಆದರೆ ಆ ಎಳೆಯ ಕಂತುಗಳು ಎಳೆದಾಡುತ್ತವೆ.

ಎರಡನೇ ಸೀಸನ್ 138 ವರ್ಷ ಮುಂದಕ್ಕೆ ಹಾರುತ್ತದೆ, ಗುಣಮಟ್ಟದಲ್ಲೂ ಅಷ್ಟೇ ದೂರ ಹಾರುತ್ತದೆ. ವಿಜ್ಞಾನವನ್ನು ಮತವಾಗಿ ಮಾರುವ ಫೌಂಡೇಶನ್ ಇಲ್ಲಿ ನಗು ತರಿಸುವಂತೆ ಬರುತ್ತದೆ. ವ್ಯಾಪಾರಿ ಹೋಬರ್ ಮ್ಯಾಲೋ, ಸೇನಾಪತಿ ಬೆಲ್ ರಿಯೋಸ್ ಇಬ್ಬರೂ ಇದ್ದಾರೆ. ಅಸಿಮೋವ್‌ರ ವ್ಯಂಗ್ಯ ಸೀರೀಸಿಗೆ ಒಲಿದಿದ್ದು ಇಲ್ಲೇ. ಮೂರನೇ ಸೀಸನ್ ಇನ್ನೂ 152 ವರ್ಷ ದಾಟಿ ಮ್ಯೂಲ್‌ಗೆ ಬರುತ್ತದೆ. ಕ್ಲೋನ್‌ಗಳು ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಎಳೆಯುವ ಹೊತ್ತಿಗೆ ಸಾಮ್ರಾಜ್ಯದ ಹೊಲಿಗೆ ಬಿಚ್ಚುತ್ತಿದೆ. ಚಕ್ರವರ್ತಿಗಳ ಜೊತೆ ಯಾವಾಗಲೂ ಇರುವ ಡೆಮರ್ಝಲ್, ಪಾತ್ರಧಾರಿ ಲಾರಾ ಬರ್ನ್, ಈ ಮೂರು ಸೀಸನ್ನುಗಳ ನಿಜವಾದ ಬೆನ್ನೆಲುಬು. ಅವಳ ಗುಟ್ಟು ಅಸಿಮೋವ್‌ರ ರೋಬೋಟ್ ಕಥೆಗಳನ್ನು ಓದಿದವರಿಗೆ ಜಾಸ್ತಿ ರುಚಿಸುತ್ತದೆ.

ಎಂಟು ಸೀಸನ್ನಿಗೆ ಹರಡುವ ಕನಸಿಟ್ಟುಕೊಂಡು ಗೋಯರ್ ಇದನ್ನು ಶುರು ಮಾಡಿದರು, ಮೂರನೆಯದರ ಹೊತ್ತಿಗೆ ಹಿಂದೆ ಸರಿದರು. ಮುಂದಿನದು ಬೇರೆ ಕೈಗಳಲ್ಲಿದೆ.

ಓದುವ ಕ್ರಮದ ಬಗ್ಗೆ ಗೊಂದಲ ಹುಟ್ಟಿಸಿದವರು ಅಸಿಮೋವ್ ಅವರೇ. ಆಮೇಲಾಮೇಲೆ ಅವರು 'ಫೌಂಡೇಶನ್ಸ್ ಎಡ್ಜ್' (1982), 'ಫೌಂಡೇಶನ್ ಆ್ಯಂಡ್ ಅರ್ಥ್' (1986) ಬರೆದು ಕಥೆ ಮುಂದುವರಿಸಿದರು. ನಂತರ ಹಿಂದಕ್ಕೆ ಹೋಗಿ 'ಪ್ರಿಲ್ಯೂಡ್ ಟು ಫೌಂಡೇಶನ್' (1988), 'ಫಾರ್ವರ್ಡ್ ದ ಫೌಂಡೇಶನ್' (1993) ಬರೆದರು. 'ಪ್ರಿಲ್ಯೂಡ್' ಮುನ್ನುಡಿಯಲ್ಲಿ ತಮ್ಮ ರೋಬೋಟ್ ಕಥೆಗಳಿಂದ ಹಿಡಿದು ಎಲ್ಲವನ್ನೂ ಕಥೆಯ ಕಾಲದ ಪ್ರಕಾರ ಜೋಡಿಸಿ ಪಟ್ಟಿ ಕೊಟ್ಟರು. ಆ ಪಟ್ಟಿ ಹಿಡಿದು ಹೊರಟರೆ ಮೂಲ 'ಫೌಂಡೇಶನ್' ಮುಟ್ಟುವಷ್ಟರಲ್ಲಿ ಒಂಬತ್ತು ಪುಸ್ತಕ ಮುಗಿದಿರುತ್ತವೆ, ಒಳ್ಳೊಳ್ಳೆ ಗುಟ್ಟುಗಳೂ ಬಯಲಾಗಿರುತ್ತವೆ. ಬೇಡ. ಪ್ರಕಟವಾದ ಕ್ರಮದಲ್ಲೇ ಓದಿ. 1951ರ ಪುಸ್ತಕದಿಂದ ಶುರು ಮಾಡಿ. ಮೊದಲ ಭಾಗ ಒಣ ಎನ್ನಿಸಿದರೆ ಹೆದರಬೇಡಿ, ಡೋರ್ವಿನ್ ಬರುವವರೆಗೆ ತಾಳ್ಮೆ ಇರಲಿ. ಅದೂ ಹಿಡಿಸದಿದ್ದರೆ ಈ ಸರಣಿ ನಿಮಗಲ್ಲ, ನಿಶ್ಚಿಂತೆಯಿಂದ ಬಿಡಿ.

ಮೂರು ಪುಸ್ತಕ ಮುಗಿಸಿ ನಿಲ್ಲಿಸಿದರೂ ಏನೂ ನಷ್ಟವಿಲ್ಲ. 'ಎಡ್ಜ್' ಚುರುಕಾಗಿದೆ, ಹ್ಯೂಗೊ ಕೂಡ ಗೆದ್ದಿದೆ. 'ಅರ್ಥ್' ನಿಧಾನ, ಸುತ್ತಾಟ ಜಾಸ್ತಿ. 'ಪ್ರಿಲ್ಯೂಡ್' ಓದದಿದ್ದರೂ ನಡೆಯುತ್ತದೆ. ಆದರೆ 'ಫಾರ್ವರ್ಡ್' ಬೇರೆ ಥರ. 1992ರ ಏಪ್ರಿಲ್‌ನಲ್ಲಿ ತೀರಿಕೊಂಡ ಅಸಿಮೋವ್ ಕಾಯಿಲೆಯ ನಡುವೆ ಬರೆದ ಪುಸ್ತಕ ಅದು, ಅಚ್ಚಾಗಿದ್ದು ಅವರು ಹೋದ ಮೇಲೆ. ಸೆಲ್ಡನ್ ವಯಸ್ಸಾಗುತ್ತ ಒಬ್ಬೊಬ್ಬರನ್ನೇ ಕಳೆದುಕೊಳ್ಳುತ್ತಾನೆ. ಗುಂಪಿನ ಗಣಿತ ಬರೆದ ಲೇಖಕ ಒಬ್ಬ ಮನುಷ್ಯನ ಪಕ್ಕದಲ್ಲಿ ಕೊನೆಯವರೆಗೆ ಕೂತಿದ್ದು ಅಲ್ಲೊಂದೇ ಕಡೆ. ಅಸಿಮೋವ್ ನಂತರ ಗ್ರೆಗರಿ ಬೆನ್‌ಫೋರ್ಡ್, ಗ್ರೆಗ್ ಬೇರ್, ಡೇವಿಡ್ ಬ್ರಿನ್ ಒಂದೊಂದು ಪುಸ್ತಕ ಬರೆದು ಸೇರಿಸಿದ್ದಾರೆ. ಅವು ತೀರಾ ಹುಚ್ಚು ಹಿಡಿದವರಿಗೆ ಮಾತ್ರ.

ಪುಸ್ತಕ ಮೊದಲೋ ಸೀರೀಸ್ ಮೊದಲೋ? ಮೊದಲ ಎರಡು ಸೀಸನ್ನುಗಳ ಮಟ್ಟಿಗೆ ಯಾವುದಾದರೂ ಸರಿ. ಕಥೆ ಎಷ್ಟು ಬೇರೆಯಾಗಿದೆ ಎಂದರೆ ಒಂದು ಇನ್ನೊಂದನ್ನು ಕೆಡಿಸುವುದಿಲ್ಲ. ಮೊದಲ ಸೀಸನ್ನಿನಲ್ಲಿ ಟರ್ಮಿನಸ್ ಕಂತುಗಳು ಬೇಜಾರು ತರಿಸಿದರೆ ಕ್ಲಿಯೋನರಿಗಾಗಿ ನೋಡುತ್ತ ಹೋಗಿ. ಮೂರನೇ ಸೀಸನ್ನಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಮ್ಯೂಲ್ ಯಾರು ಎಂಬ ಪ್ರಶ್ನೆಯನ್ನು ಅಸಿಮೋವ್ 1945ರಲ್ಲಿ ಎಂಥ ಜಾಣತನದಿಂದ ಹೆಣೆದಿದ್ದರು ಎಂದರೆ, ಉತ್ತರ ಗೊತ್ತಾದ ಮೇಲೆ ಹಿಂದಿನ ಪುಟಗಳಿಗೆ ಹೋಗಿ ಸುಳಿವುಗಳನ್ನು ಮತ್ತೆ ಹುಡುಕುವಂತಾಗುತ್ತದೆ. ಸೀರೀಸ್‌ನವರಿಗೆ ಪುಸ್ತಕದ ಓದುಗರು ಆ ಉತ್ತರ ಬಲ್ಲರು ಎಂಬುದು ಗೊತ್ತು, ಅದನ್ನೇ ಇಟ್ಟುಕೊಂಡು ಬೇರೊಂದು ಆಟ ಆಡಿದ್ದಾರೆ. ಆ ಆಟದ ಮಜಾ ಪೂರ್ತಿ ಸಿಗುವುದು ಮೊದಲ ಆಟ ನೋಡಿದವರಿಗೆ. ಹಾಗಾಗಿ ಎರಡನೇ ಸೀಸನ್ ಮುಗಿದ ಮೇಲೆ ನಿಲ್ಲಿಸಿ, 'ಫೌಂಡೇಶನ್ ಆ್ಯಂಡ್ ಎಂಪೈರ್' ಓದಿ, ಆಮೇಲೆ ಮೂರನೆಯದನ್ನು ಹಾಕಿ.